ಮೀನಾ ಕುಮಾರಿ ಕುಡಿದೇ ಸತ್ತರಾ?

ಮುಂಬೈಯಲ್ಲಿ ನಾವು ನಾಲ್ಕು ಜನ ಕನ್ನಡದವರು ಸೇರಿ ಹಳೇ ಹಿಂದಿ ಸಿನಿಮಾದ ಮಾತು ತೆಗೆದರೆ ಸಾಕು, ಯಾರಾದರೂ ನನ್ನನ್ನು ಕೇಳಿಯೇ ಕೇಳುತ್ತಾರೆ: "ಮೀನಾ ಕುಮಾರಿ ಕುಡಿದು ಕುಡಿದೇ ಸತ್ತರಂತೆ, ಅಲ್ವಾ?" ಊರಿಂದ ಬಂದ ನೆಂಟರೂ ಇದನ್ನೇ ಕೇಳುತ್ತಾರೆ. ಆ ನಟಿಯ ಸಿನಿಮಾ ಅಂದರೆ ನನಗೆ ಪ್ರಾಣ ಅಂತ ಎಲ್ಲರಿಗೂ ಗೊತ್ತು.

ಲಿವರ್ ಕೆಟ್ಟು ತೀರಿಕೊಂಡದ್ದು ನಿಜ. 1972ರ ಮಾರ್ಚ್ 31, ಇದೇ ಮುಂಬೈಯಲ್ಲಿ. ವಯಸ್ಸು ಇನ್ನೂ 40 ತುಂಬಿರಲಿಲ್ಲ. ಆದರೆ ಅಷ್ಟು ಹೇಳಿ ಮಾತು ಮುಗಿಸುವುದು ಅನ್ಯಾಯ.

ದಾದರ್‌ನಲ್ಲಿ ಹುಟ್ಟಿದ ಹುಡುಗಿ, ಮನೆಯಲ್ಲಿಟ್ಟ ಹೆಸರು ಮಹಜಬೀನ್. 1939ರಲ್ಲಿ ಮೊದಲ ಸಿನಿಮಾ ಬಂದಾಗ ಅದಿನ್ನೂ ಹಾಲುಹಲ್ಲಿನ ಮಗು. ಮನೆ ನಡೆಯುತ್ತಿದ್ದದ್ದು ಆ ಮಗುವಿನ ಸಂಬಳದಲ್ಲಿ. ಶಾಲೆ, ಆಟ ಎಲ್ಲ ಪಕ್ಕಕ್ಕೆ. ಅಲ್ಲಿಂದ ಸಾಯುವವರೆಗೆ ಆಕೆ ದುಡಿಯುತ್ತಲೇ ಇದ್ದರು. ಸುಮಾರು 90 ಸಿನಿಮಾ. ನನಗೆ ಎಲ್ಲಕ್ಕಿಂತ ಮೊದಲು ಕಾಣುವುದು ಈ ದುಡಿಮೆ. 1952ರಲ್ಲಿ ನಿರ್ದೇಶಕ ಕಮಾಲ್ ಅಮ್ರೋಹಿ ಅವರನ್ನು ಗುಟ್ಟಾಗಿ ಮದುವೆಯಾದರು. 1964ರಲ್ಲಿ ಆ ಮನೆ ಬಿಟ್ಟು ಬಂದರು.

ಜನ ಕುಡಿತದ ಮಾತು ತೆಗೆಯುವಾಗ ಅವರ ಕಣ್ಣ ಮುಂದಿರುವುದು 1962ರ 'ಸಾಹಿಬ್ ಬೀಬಿ ಔರ್ ಗುಲಾಮ್'. ಅದನ್ನು ತಯಾರಿಸಿದ ಗುರುದತ್ ಹುಟ್ಟಿದ್ದು ಬೆಂಗಳೂರಿನಲ್ಲಿ. ಕ್ಯಾಮೆರಾ ಹಿಡಿದವರು ನಮ್ಮ ಮೈಸೂರಿನ ವಿ. ಕೆ. ಮೂರ್ತಿ. ಅದರಲ್ಲಿ ಮೀನಾ ಕುಮಾರಿ ಜಮೀನ್ದಾರರ ಕಿರಿಸೊಸೆ. ಗಂಡ ರಾತ್ರಿಯೆಲ್ಲ ಬೇರೆ ಕಡೆ ಇರುತ್ತಾನೆ. ಅವನನ್ನು ಮನೆಯಲ್ಲಿ ಉಳಿಸಿಕೊಳ್ಳಲು ಅವಳು ಕುಡಿಯಲು ಶುರು ಮಾಡುತ್ತಾಳೆ. ಮೊದಲು ಅವನಿಗಾಗಿ, ಆಮೇಲೆ ಬಿಡಲಾಗದೆ. ಆ ಮುಖದ ಮೇಲೆ ಮೂರ್ತಿಯವರು ಬಿಟ್ಟ ಬೆಳಕು ನೋಡಿ. ಮಾತು ತೊದಲಿದರೂ ಆಕೆಯ ಘನತೆ ಒಂದಿಷ್ಟೂ ಕುಗ್ಗುವುದಿಲ್ಲ. ಇಷ್ಟು ಕಷ್ಟದ ಅಭಿನಯ ನಾನು ಹಿಂದಿಯಲ್ಲಿ ಬೇರೆ ಕಂಡಿಲ್ಲ. ಮುಂದಿನ ವರ್ಷ ಫಿಲ್ಮ್‌ಫೇರ್‌ನ ಅತ್ಯುತ್ತಮ ನಟಿ ಪ್ರಶಸ್ತಿಗೆ ಆಯ್ಕೆಯಾದ ಮೂರೂ ಹೆಸರು ಅವರದ್ದೇ, ಮೂರು ಬೇರೆ ಬೇರೆ ಸಿನಿಮಾಕ್ಕೆ. ಗೆದ್ದದ್ದು ಈ ಪಾತ್ರ.

ಅಷ್ಟು ಚೆನ್ನಾಗಿ ಮಾಡಿದ್ದಕ್ಕೇ ಜನ ಪಾತ್ರವನ್ನೂ ಬದುಕನ್ನೂ ಒಂದು ಮಾಡಿಬಿಟ್ಟರು. ಆದರೆ ಅವರ ಬದುಕಲ್ಲಿ ಬ್ರಾಂಡಿ ಬಂದ ದಾರಿಯೇ ಬೇರೆ. ವರ್ಷಗಟ್ಟಲೆ ನಿದ್ದೆ ಇರಲಿಲ್ಲ, ಮಾತ್ರೆ ನುಂಗುತ್ತಿದ್ದರು. ಮಾತ್ರೆಯ ಬದಲು ಒಂದು ಸಣ್ಣ ಪೆಗ್ ಬ್ರಾಂಡಿ ತಗೊಳ್ಳಿ ಅಂತ ಡಾಕ್ಟರೇ ಹೇಳಿದರು. ಅದು 1963ರ ಹೊತ್ತಿಗೆ, ಅಂದರೆ ಆ ಸಿನಿಮಾ ಬಂದಾದ ಮೇಲೆ. ಔಷಧಿಯಾಗಿ ಬಂದದ್ದು ಚಟವಾಯಿತು. ಐದು ವರ್ಷದಲ್ಲಿ ಲಿವರ್ ಸಿರೋಸಿಸ್. ಲಂಡನ್‌ನಲ್ಲಿ ಚಿಕಿತ್ಸೆ ಮಾಡಿಸಿಕೊಂಡು ಬಂದವರು ಮತ್ತೆ ಸೆಟ್‌ಗೆ ಹೋದರು.

ಬೇರಾದ ಗಂಡನ 'ಪಾಕೀಜಾ' ಅರ್ಧಕ್ಕೆ ನಿಂತಿತ್ತು. ಕಾಯಿಲೆಯಲ್ಲೇ ಅದನ್ನು ಮುಗಿಸಿಕೊಟ್ಟರು. ಕುಣಿಯಲು ಆಗದ ಕಡೆ ಪದ್ಮಾ ಖನ್ನಾ ಅವರ ಬದಲು ಕುಣಿದರು. 1972ರ ಫೆಬ್ರವರಿಯಲ್ಲಿ ಮುಂಬೈಯ ಮರಾಠಾ ಮಂದಿರ ಟಾಕೀಸಿನಲ್ಲಿ ಪ್ರೀಮಿಯರ್. ಮೀನಾ ಕುಮಾರಿಯೂ ಬಂದಿದ್ದರು. ಎರಡು ತಿಂಗಳೊಳಗೆ ಹೋಗಿಬಿಟ್ಟರು.

ಕುಡಿತ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಗಂಡಸು ನಟ ಕುಡಿದು ಸತ್ತರೆ ಅವನ ಸಿನಿಮಾ ನೆನೆಯುತ್ತೇವೆ, ಹೆಣ್ಣಾದರೆ ಬಾಟಲಿ ನೆನೆಯುತ್ತೇವೆ. ನನಗೆ ಸಂಕಟವಾಗುವುದು ಅದಕ್ಕೆ. ನಮ್ಮ ದಕ್ಷಿಣದ ನಟಿ ಸಾವಿತ್ರಿಯವರಿಗೂ ಇದೇ ಆಯಿತಲ್ಲ. ಎಲ್. ವಿ. ಪ್ರಸಾದ್ ಅವರ ತೆಲುಗು ಸಿನಿಮಾ 'ಮಿಸ್ಸಮ್ಮ'ದಲ್ಲಿ ಸಾವಿತ್ರಿ ಮಾಡಿದ ತಮಾಷೆಯ ಪಾತ್ರವನ್ನೇ 1957ರಲ್ಲಿ ಹಿಂದಿಯ 'ಮಿಸ್ ಮೇರಿ'ಯಲ್ಲಿ ಮೀನಾ ಕುಮಾರಿ ಮಾಡಿದರು. ಅದರಲ್ಲಿ ಅವರು ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಟೀಚರ್. ಈಗ ಯಾರಾದರೂ ಕುಡಿತದ ಪ್ರಶ್ನೆ ಕೇಳಿದರೆ ಇದಿಷ್ಟನ್ನೂ ಹೇಳಿ, ಮೊದಲು 'ಮಿಸ್ ಮೇರಿ' ನೋಡಿ ಅನ್ನುತ್ತೇನೆ.