ಟಕ್ ಟಕ್ ಸೌಂಡ್ ಬರೋಕೆ ಮುಂಚೆ ಚಕ್ರದ ಹಿಂದಿನ ರಬ್ಬರ್ ಬೂಟ್ ನೋಡಿ

ಸೆಕೆಂಡ್ ಹ್ಯಾಂಡ್ ಕಾರ್ ತಗೊಳೋಕೆ ಹೋದಾಗ ಎಲ್ರೂ ಬಾನೆಟ್ ಎತ್ತಿ ನೋಡ್ತಾರೆ, ಎಸಿ ಹಾಕಿ ನೋಡ್ತಾರೆ, ಡೆಂಟ್ ಹುಡುಕ್ತಾರೆ, ಆದ್ರೆ ಖಾಲಿ ಜಾಗದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಒಂದು ರೌಂಡ್ ಹೊಡೆಯೋರು ಕಮ್ಮಿ. ಹಾಗೆ ಹೊಡೆಯುವಾಗ ಮುಂದಿನ ಚಕ್ರದ ಹತ್ರ ಟಕ್ ಟಕ್ ಟಕ್ ಅಂತ ಕೇಳಿಸ್ತಾ ಇದ್ರೆ ಚಕ್ರಕ್ಕೆ ಪವರ್ ಒಯ್ಯೋ ಡ್ರೈವ್ ಶಾಫ್ಟಿನ ಹೊರಗಡೆ, ಅಂದ್ರೆ ಚಕ್ರದ ಕಡೆ ಇರೋ ಜಾಯಿಂಟ್ ಸವೆದಿದೆ ಅಂತ ಅನುಮಾನ ಪಡಿ, ರೇಟ್ ಮಾತಾಡುವಾಗ ಅದನ್ನ ಬಿಡ್ಬೇಡಿ.

ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ಇಂಜಿನ್ ಮುಂದೆ, ಗಾಡಿ ತಳ್ಳೋ ಚಕ್ರ ಹಿಂದೆ, ಮಧ್ಯದಲ್ಲಿ ಉದ್ದಕ್ಕೆ ಪ್ರೊಪೆಲ್ಲರ್ ಶಾಫ್ಟ್. 1983ರಲ್ಲಿ ಮಾರುತಿ 800 ಬಂದ್ಮೇಲೆ ಸಣ್ಣ ಕಾರುಗಳಲ್ಲಿ ಮುಂದಿನ ಚಕ್ರಾನೇ ಎಳೆಯೋದು ಮಾಮೂಲಾಯ್ತು. ಗೇರ್ ಬಾಕ್ಸಿಂದ ಎಡಕ್ಕೊಂದು ಬಲಕ್ಕೊಂದು ಡ್ರೈವ್ ಶಾಫ್ಟ್ ಹೋಗುತ್ತೆ, ಗ್ಯಾರೇಜಲ್ಲಿ ಆಕ್ಸಲ್ ಅಂತಾರೆ. ಪಾಪ ಅದರ ಕೆಲ್ಸ ನೋಡಿ, ಚಕ್ರ ಗುಂಡಿಗೆ ಬಿದ್ದು ಎದ್ರೂ, ಪೂರ್ತಿ ತಿರುಗಿದ್ರೂ, ಪವರ್ ಮಾತ್ರ ಒಂದೇ ಸಮ ಹೋಗ್ತಾ ಇರ್ಬೇಕು. ಹಳೇ ಯುಜೆ ಕ್ರಾಸ್ (ಯೂನಿವರ್ಸಲ್ ಜಾಯಿಂಟ್, ಕೂಡೋ ಗುರುತಿನ ಆಕಾರದ್ದು) ಒಂದೇ ಇದ್ರೆ ಅಷ್ಟು ಬಾಗಿದಾಗ ಪ್ರತಿ ಸುತ್ತಲ್ಲೂ ಸ್ಪೀಡ್ ಏರಿ ಇಳಿದು ಸ್ಟೇರಿಂಗ್ ಜಗ್ಗುತ್ತೆ. ಅದಕ್ಕೇ ಸಿವಿ ಜಾಯಿಂಟ್, ಅಂದ್ರೆ ಕಾನ್ಸ್ಟಂಟ್ ವೆಲಾಸಿಟಿ, ಎಷ್ಟು ಬಾಗಿದ್ರೂ ಒಂದೇ ಸ್ಪೀಡಲ್ಲಿ ತಿರುಗೋ ಜಾಯಿಂಟ್. ಹೊರಗಡೇದ್ರಲ್ಲಿ ಬಟ್ಟಲಿನಂಥ ಕಪ್, ಅದರೊಳಗೆ ಸಾಮಾನ್ಯವಾಗಿ ಆರು ಉಕ್ಕಿನ ಬಾಲ್. ಈ ಡಿಸೈನ್ 1920ರ ದಶಕದಲ್ಲಿ ಆಲ್ಫ್ರೆಡ್ ರೆಜೆಪ್ಪಾ ಅನ್ನೋ ಇಂಜಿನಿಯರ್ ಮಾಡಿದ್ದು. ಗೇರ್ ಬಾಕ್ಸ್ ಕಡೇದ್ರಲ್ಲಿ ಹೆಚ್ಚಾಗಿ ಮೂರು ರೋಲರ್ ಇರುತ್ತೆ, ಅದು ಒಳಗೂ ಹೊರಗೂ ಜಾರುತ್ತೆ. ಅದು ಸವೆದ್ರೆ ಟಕ್ ಟಕ್ ಬರಲ್ಲ, ಆಕ್ಸಿಲರೇಟರ್ ಒತ್ತಿದಾಗ ಗಾಡಿ ನಡುಗುತ್ತೆ, ಜನ ವೀಲ್ ಬ್ಯಾಲೆನ್ಸಿಂಗ್ ಮಾಡಿಸಿ ಮಾಡಿಸಿ ಸುಸ್ತಾಗ್ತಾರೆ.

ಇಷ್ಟೆಲ್ಲಾ ಗಟ್ಟಿ ಉಕ್ಕನ್ನ ಕಾಪಾಡೋದು ಮಡಿಕೆ ಮಡಿಕೆ ಇರೋ ಒಂದು ರಬ್ಬರ್ ಬೂಟ್, ಅಂದ್ರೆ ಜಾಯಿಂಟಿನ ಮೇಲೆ ಹಾಕಿರೋ ಕವರ್. ಅದು ಮಡಿಕೆ ಸಂದಿಯಲ್ಲೇ ಬಿರುಕು ಬಿಡೋದು, ಚಕ್ರ ನೇರ ಇದ್ದಾಗ ಕಾಣ್ಸೋದೇ ಇಲ್ಲ. ಸ್ಟೇರಿಂಗ್ ಒಂದು ಕಡೆ ತಿರುಗಿಸಿ ಗಾಡಿ ನಿಲ್ಸಿ, ಮೊಬೈಲ್ ಟಾರ್ಚ್ ಹಾಕಿ ಚಕ್ರದ ಹಿಂದೆ ನೋಡಿ, ರಿಮ್ ಒಳಗೆ, ಚಕ್ರವನ್ನ ಹಿಡಿದಿರೋ ಕಂಟ್ರೋಲ್ ಆರ್ಮ್ ಅನ್ನೋ ಕಬ್ಬಿಣದ ತೋಳಿನ ಮೇಲೆ ಕರೀ ಗ್ರೀಸ್ ಎರಚಿದ ಹಾಗಿದ್ರೆ ಬೂಟ್ ಹರಿದಿದೆ. ಆಗ್ಲೇ ಹಾಕ್ಸಿದ್ರೆ ಬೂಟು, ಕ್ಲಿಪ್ಪು, ಗ್ರೀಸು ಅಂತ ಸಣ್ಣ ಖರ್ಚಲ್ಲಿ ಮುಗಿಯುತ್ತೆ. ಬಿಟ್ರೆ ಮಳೆನೀರು, ಮರಳು ಒಳಗೆ ಸೇರಿ ಬಾಲ್ ಓಡಾಡೋ ಜಾಡನ್ನ ತಿಂದು ಹಾಕುತ್ತೆ, ಆಮೇಲೆ ಗ್ರೀಸ್ ತುಂಬಿ ಪ್ರಯೋಜನ ಇಲ್ಲ, ಜಾಯಿಂಟೇ ಬದಲಾಯಿಸ್ಬೇಕು. ಹಾಕೋ ಗ್ರೀಸೂ ಸಿವಿ ಜಾಯಿಂಟಿಗೆ ಅಂತ್ಲೇ ಬರೋದು, ಹೊರಗಡೇದಕ್ಕೆ ಸಾಮಾನ್ಯವಾಗಿ ಮಾಲಿಬ್ಡಿನಮ್ ಇರೋ ಕಪ್ಪು ಗ್ರೀಸ್. ಡಬ್ಬಿಯಲ್ಲಿರೋ ಮಾಮೂಲಿ ಗ್ರೀಸ್ ಮೆತ್ತೋಕೆ ಬಂದ್ರೆ ಬೇಡ ಅನ್ನಿ. ಶಾಫ್ಟ್ ಬಿಚ್ಚದೇ ಅಂಟಿಸೋ ಸೀಳು ಬೂಟ್ ನನಗಂತೂ ನಂಬಿಕೆ ಇಲ್ಲ.

ಇನ್ನೊಂದು ನಮ್ಮ ಕಡೆಯವರಿಗೆ ಮಾತ್ರ ಚೆನ್ನಾಗಿ ಅರ್ಥ ಆಗೋ ವಿಷ್ಯ, ಹುರುಳಿ ಸೆತ್ತೆ, ಅಂದ್ರೆ ಕಿತ್ತ ಹುರುಳಿಯ ಒಣ ಬಳ್ಳಿ. ಸುಗ್ಗಿ ಟೈಮಲ್ಲಿ ರೋಡ್ ಮೇಲೆ ಒಕ್ಕಣೆಗೆ ಹರಡಿರ್ತಾರಲ್ಲ, ಊರಲ್ಲಿ ಕಣಗಳೇ ಇಲ್ಲ, ಅವರನ್ನಾದ್ರೂ ಏನನ್ನೋದು. ಆದ್ರೆ ಅದರ ಮೇಲೆ ಕಾರ್ ಹೋದ್ರೆ ಆ ಬಳ್ಳಿ ತಿರುಗ್ತಾ ಇರೋ ಶಾಫ್ಟಿಗೆ ಹಗ್ಗದ ತರ ಬಿಗಿಯಾಗಿ ಸುತ್ಕೊಳ್ಳುತ್ತೆ, ಬೂಟ್ ಕಿತ್ತು ಹಾಕುತ್ತೆ, ಉಜ್ಜಿ ಉಜ್ಜಿ ಬಿಸಿಯಾಗಿ, ಇಲ್ಲಾ ಸೈಲೆನ್ಸರ್ ಪೈಪಿಗೆ ತಾಗಿ ಬೆಂಕಿ ಹತ್ಕೊಂಡು ಕಾರೇ ಸುಟ್ಟುಹೋದ ಸುದ್ದಿ ಪೇಪರಲ್ಲಿ ಓದೇ ಇರ್ತೀರ. ಆದಷ್ಟು ಪಕ್ಕಕ್ಕೆ ತಗೊಂಡು ಹೋಗಿ, ದಾಟ್ಲೇಬೇಕಾಗಿ ಬಂದ್ರೆ ಸ್ವಲ್ಪ ಮುಂದೆ ಸೆತ್ತೆ ಇಲ್ಲದ ಕಡೆ ನಿಲ್ಸಿ, ಇಂಜಿನ್ ಆಫ್ ಮಾಡಿ ಬಗ್ಗಿ ನೋಡಿ. ಸುತ್ತಿದ್ರೆ ಬ್ಲೇಡಿಂದ ಕೊಯ್ದು ತೆಗೀರಿ, ಎಳೆದಾಡಿದ್ರೆ ಬೂಟೂ ಜೊತೆಗೇ ಬರುತ್ತೆ.

ಬೊಲೆರೊ, ಓಮ್ನಿ ಇಟ್ಟಿರೋರಿಗೆ ಕಥೆ ಬೇರೆ, ಅದರಲ್ಲಿ ತಳ್ಳೋದು ಹಿಂದಿನ ಚಕ್ರ. ಕ್ಲಚ್ ಬಿಡುವಾಗ ಕೆಳಗೆ ಟಣ್ ಅಂದ್ರೆ ಯುಜೆ ಕ್ರಾಸ್ ನೋಡಿಸಿ, ಗ್ರೀಸ್ ತುಂಬೋ ನಿಪ್ಪಲ್ ಇದ್ರೆ ಪ್ರತಿ ಸರ್ವೀಸಲ್ಲೂ ಗ್ರೀಸ್ ಹೊಡೆಸಿ.

ಮತ್ತೆ ಮುಂದಿನ ಚಕ್ರದ ವಿಷ್ಯಕ್ಕೆ ಬಂದ್ರೆ, ಡ್ರೈವ್ ಶಾಫ್ಟ್ ಹೊರಗೆ ತೆಗೆದಾಗ ಗೇರ್ ಆಯಿಲ್ ಸುರಿದುಹೋಗುತ್ತೆ, ವಾಪಸ್ ಲೆವೆಲ್ಲಿಗೆ ಹಾಕಿದ್ರಾ ಅಂತ ಕೇಳಿ. ಆಯಿಲ್ ಸೀಲೂ ಆಗ್ಲೇ ಬದಲಾಯಿಸಿಬಿಡಿ, ಮತ್ತೆ ಅದಕ್ಕೋಸ್ಕರ ಲೇಬರ್ ಕೊಡೋದು ತಪ್ಪುತ್ತೆ. ಚಕ್ರದ ಮಧ್ಯದಲ್ಲಿ ಶಾಫ್ಟನ್ನ ಬಿಗಿಯೋ ಹಬ್ ನಟ್ಟು ಹೊಸದು ಹಾಕಿಸಿ, ಹಳೇದನ್ನೇ ಬಡಿದು ಕೂರಿಸೋಕೆ ಬಿಡ್ಬೇಡಿ.