ರಾತ್ರಿ ಎರಡು ಗಂಟೆಯ ರೊಟ್ಟಿ

ಅಡುಗೆಮನೆಯಲ್ಲಿ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿದರೆ ಅಪ್ಪ ಎದ್ದಿದ್ದಾರೆಂದು ಅರ್ಥ. ರಾತ್ರಿ ಒಂದೂವರೆ, ಎರಡು ಗಂಟೆ. ಉಳಿದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿಂದು, ಗೋಡೆಗೆ ಒರಗಿ ಕುಳಿತು, ಮತ್ತೆ ಮಲಗುತ್ತಿದ್ದರು. ನಾಲ್ಕು ತಿಂಗಳು ಹೀಗೇ ನಡೆಯಿತು.

“ಎದೆಗುಂಡಿಗೆಯ ಕೆಳಗೆ ಕೆಂಡ ಇಟ್ಟ ಹಾಗೆ. ಏನಾದರೂ ತಿಂದರೆ ಆರುತ್ತದೆ” ಎನ್ನುತ್ತಿದ್ದರು. ನಾವು ಗ್ಯಾಸ್ಟ್ರಿಕ್ ಎಂದೆವು. ಅವ್ವ ಮಿರ್ಚಿ ಮಂಡಕ್ಕಿಯನ್ನು ದೂರಿದರು. ದಾವಣಗೆರೆಯವರಿಗೆ ಅದನ್ನು ಬಿಡುವುದು ಸಣ್ಣ ಮಾತಲ್ಲ, ಅಪ್ಪ ಬಿಟ್ಟರು. ಉರಿ ಬಿಡಲಿಲ್ಲ.

ತಿಂದಾಗ ಇಳಿದು, ಎರಡು ಮೂರು ಗಂಟೆಗಳ ನಂತರ ಹಸಿವಿನೊಂದಿಗೆ ಏರುವ ನೋವು ಡಿಯೋಡಿನಂ ಹುಣ್ಣಿನದ್ದಿರಬಹುದು ಎಂದು ಆಗ ನನಗೆ ತಿಳಿದಿರಲಿಲ್ಲ. ಜಠರ ದಾಟಿದೊಡನೆ ಸಿಗುವ ಸಣ್ಣ ಕರುಳಿನ ಮೊದಲ ಭಾಗವದು. ಎಂಡೋಸ್ಕೋಪಿಯಲ್ಲಿ ಹುಣ್ಣು ಕಂಡಿತು, ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾವೂ ಸಿಕ್ಕಿತು. ಜೊತೆಗೆ ವೈದ್ಯರು ಕೇಳಿದ ಮೊದಲ ಪ್ರಶ್ನೆ: “ಮಂಡಿ ನೋವಿಗೆ ಏನು ನುಂಗುತ್ತೀರಿ?” ಎರಡು ವರ್ಷಗಳಿಂದ ಡೈಕ್ಲೋಫೆನಾಕ್, ಹೆಚ್ಚಾಗಿ ಖಾಲಿ ಹೊಟ್ಟೆಯಲ್ಲಿ. ಆಮ್ಲದಿಂದ ಒಳಪದರವನ್ನು ಕಾಯುವ ಶಕ್ತಿಯನ್ನೇ ಆ ಮಾತ್ರೆ ಕುಂದಿಸುತ್ತದೆ.

ಹುಣ್ಣಿಗೆ ಕಾರಣ ಖಾರ, ಚಿಂತೆ ಎಂದು ಜಗತ್ತೂ ಬಹುಕಾಲ ನಂಬಿತ್ತು. 1984ರಲ್ಲಿ ಆಸ್ಟ್ರೇಲಿಯಾದ ವೈದ್ಯ ಬ್ಯಾರಿ ಮಾರ್ಷಲ್ ಈ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು. 2005ರಲ್ಲಿ ರಾಬಿನ್ ವಾರೆನ್ ಜೊತೆ ಅವರಿಗೆ ನೊಬೆಲ್ ಬಂತು. ಇದನ್ನು ಹೇಳಿದಾಗ ಅವ್ವ ಬಹಳ ಹೊತ್ತು ಸುಮ್ಮನಿದ್ದರು.

ನನ್ನನ್ನು ಈಗಲೂ ಕೊರೆಯುವುದು ಬೇರೆಯೇ. ಅಪ್ಪ ಸುಸ್ತು ಎನ್ನುತ್ತಿದ್ದರು, ಮುಖ ಬಿಳಿಚಿತ್ತು. ಕಬ್ಬಿಣಾಂಶದ ಮಾತ್ರೆಗಳನ್ನು ನಾನೇ ತಂದುಕೊಟ್ಟೆ. ಮಲ ಡಾಂಬರಿನಂತೆ ಕಪ್ಪಾದಾಗ, ಆ ಮಾತ್ರೆಯಿಂದ ಹಾಗಾಗುತ್ತದೆಂದು ಸಮಾಧಾನವನ್ನೂ ನಾನೇ ಹೇಳಿದೆ. ಮಾತ್ರೆಯಿಂದಲೂ ಬಣ್ಣ ಕಪ್ಪಾಗುತ್ತದೆ, ನಿಜ. ಆದರೆ ಅಂಟಂಟಾಗಿ, ಕೆಟ್ಟ ವಾಸನೆಯಿಂದ ಬಂದರೆ ಅದು ಒಳಗೆ ಸೋರುವ ರಕ್ತ. ವಾಸನೆಯ ಮಾತನ್ನು ಅಪ್ಪ ಸಂಕೋಚದಿಂದ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಒಂದು ಬೆಳಿಗ್ಗೆ ಬಚ್ಚಲಿನ ಬಾಗಿಲಲ್ಲಿ ಕುಸಿದರು. ಎರಡು ಬಾಟಲಿ ರಕ್ತ ಕೊಡಬೇಕಾಯಿತು.

ಹದಿನಾಲ್ಕು ದಿನದ ಆ್ಯಂಟಿಬಯಾಟಿಕ್ ಮುಗಿದಿದೆ. ಬ್ಯಾಕ್ಟೀರಿಯಾ ಪೂರ್ತಿ ಹೋಗಿದೆಯೇ ಎಂದು ನೋಡಲು ಮುಂದಿನ ತಿಂಗಳು ಉಸಿರಿನ ಪರೀಕ್ಷೆ ಇದೆ. ಮಂಡಿ ಇನ್ನೂ ನೋಯುತ್ತದೆ; ಸಂಜೆ ಅವ್ವ ಬಿಸಿನೀರಿನ ಶಾಖ ಕೊಡುತ್ತಾರೆ.