ಬ್ರೌಸರ್ ಕೈಕೊಟ್ಟಾಗ: ದೋಷ ಹುಡುಕುವುದು ಮೊದಲು, ಬದಲಿಸುವುದು ಆಮೇಲೆ

ತೀರ್ಥಹಳ್ಳಿ, ಹೊಸನಗರದ ಕಡೆ ಮಳೆ ಹಿಡಿದ ಮೇಲೆ ಕಂಪ್ಯೂಟರಿನ ಬಗ್ಗೆ ನನ್ನ ಕಿವಿಗೆ ಬೀಳುವ ದೂರುಗಳಲ್ಲಿ ಹೆಚ್ಚಿನವು ಬ್ರೌಸರಿಗೆ ಸಂಬಂಧಿಸಿದವು. ಅಡಿಕೆಯ ರಾಶಿ, ಬೆಟ್ಟೆ ಬಗೆಗಳ ಧಾರಣೆ ನೋಡುವುದು, ಪಹಣಿ ತೆಗೆಯುವುದು, ಸಹಕಾರ ಸಂಘದ ಲೆಕ್ಕ ಕಳಿಸುವುದು, ಮಕ್ಕಳ ಫಲಿತಾಂಶ ಹುಡುಕುವುದು ಎಲ್ಲವೂ ಈಗ ಅದರ ಮೂಲಕವೇ ಆಗಬೇಕಾಗಿರುವುದರಿಂದ, ಅದೊಂದು ನಿಂತರೆ ಇಡೀ ಯಂತ್ರವೇ ಕೆಟ್ಟಿತೆಂದು ಜನ ತಿಳಿಯುವುದು ಸಹಜ. “ನೆಟ್ ಇದೆ ಮಾರಾಯ, ವಾಟ್ಸಾಪ್ ಎಲ್ಲ ಬರ್ತದೆ, ಬ್ಯಾಂಕಿನದ್ದು ಮಾತ್ರ ಓಪನ್ ಆಗ್ತಾ ಇಲ್ಲ ನೋಡು” ಎಂದು ಪಕ್ಕದ ಮನೆಯ ಹಿರಿಯರು ಹೇಳುವಾಗ, ಅವರ ಮನಸ್ಸಿನಲ್ಲಿ ಪೇಟೆಗೆ ಒಯ್ದು ಫಾರ್ಮ್ಯಾಟ್ ಮಾಡಿಸುವ ನಿರ್ಧಾರ ಆಗಲೇ ಆಗಿರುತ್ತದೆ. ಆ ನಿರ್ಧಾರ ಬಹಳಷ್ಟು ಸಲ ಅನಗತ್ಯ. ದೋಷ ತಾಣದಲ್ಲಿರಬಹುದು, ಸಂಪರ್ಕದಲ್ಲಿರಬಹುದು, ಯಂತ್ರದಲ್ಲಿರಬಹುದು ಅಥವಾ ನಿಜವಾಗಿಯೂ ಬ್ರೌಸರಿನಲ್ಲಿರಬಹುದು. ಎಲ್ಲಿದೆ ಎಂದು ತಿಳಿಯದೆ ಬದಲಿಸಿದರೆ ಅದೇ ತೊಂದರೆ ಹೊಸ ಬ್ರೌಸರಿಗೂ ಬಂದು ಸೇರುತ್ತದೆ.

ಮಲೆನಾಡಿನಲ್ಲಿ ನಾನು ಮೊದಲು ನೋಡುವುದು ಪರದೆಯ ಮೂಲೆಯಲ್ಲಿರುವ ದಿನಾಂಕವನ್ನು. ಡೆಸ್ಕ್‌ಟಾಪ್ ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿ ಸಿಆರ್ 2032 ಎಂಬ ನಾಣ್ಯದಾಕಾರದ ಒಂದು ಪುಟ್ಟ ಬ್ಯಾಟರಿ ಇರುತ್ತದೆ. ಕರೆಂಟು ಇಲ್ಲದಿರುವಾಗ ಗಡಿಯಾರವನ್ನು ನಡೆಸುವುದು ಅದರ ಕೆಲಸ. ಬ್ಯಾಟರಿ ಸತ್ತಿದ್ದರೂ ಕರೆಂಟು ಸರಿಯಾಗಿರುವ ಊರಿನಲ್ಲಿ ಅದು ಗೊತ್ತಾಗದೆ ಹೋಗಬಹುದು. ಆದರೆ ಗಾಳಿಗೆ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋದರೆ, ಮತ್ತೆ ಬಂದಾಗ ಯಂತ್ರ ತನ್ನನ್ನು ಎಷ್ಟೋ ವರ್ಷ ಹಿಂದಿನ ತಾರೀಖಿನಲ್ಲಿ ಕಂಡುಕೊಳ್ಳುತ್ತದೆ. ಸುರಕ್ಷಿತ ತಾಣಗಳ ಗುರುತನ್ನು ಖಾತರಿಪಡಿಸುವ ಡಿಜಿಟಲ್ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ, ಬ್ರೌಸರ್ ಅದನ್ನು ಯಂತ್ರದ ಗಡಿಯಾರದೊಂದಿಗೆ ಹೋಲಿಸುತ್ತದೆ. ಗಡಿಯಾರ 2010 ಎಂದು ತೋರಿಸುತ್ತಿದ್ದರೆ ಇಂದಿನ ಯಾವ ಪ್ರಮಾಣಪತ್ರವೂ ಅದರ ಪಾಲಿಗೆ ಇನ್ನೂ ಜಾರಿಗೇ ಬಂದಿಲ್ಲ. ಹಾಗಾಗಿ ಬ್ಯಾಂಕು, ಅಂಚೆ, ಪತ್ರಿಕೆ ಎಲ್ಲವೂ ಒಟ್ಟಿಗೇ ‘ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ’ ಎಂಬಂಥ ಎಚ್ಚರಿಕೆ ತೋರಿಸುತ್ತವೆ. ಮೊಬೈಲು ತನ್ನ ಸಮಯವನ್ನು ಟವರಿನಿಂದ ಪಡೆಯುವುದರಿಂದ ವಾಟ್ಸಾಪಿಗೆ ಏನೂ ಆಗಿರುವುದಿಲ್ಲ.

ಇಲ್ಲಿ ದಯವಿಟ್ಟು ಎಚ್ಚರಿಕೆಯನ್ನು ದಾಟಿ ಮುಂದುವರಿಯಬೇಡಿ. ನಿಜವಾದ ಮೋಸದ ತಾಣವೂ ಇದೇ ಎಚ್ಚರಿಕೆಯನ್ನು ತರಿಸಬಹುದು. ಒಮ್ಮೆ ದಾಟುವ ಅಭ್ಯಾಸವಾದರೆ ಎರಡರ ನಡುವಿನ ವ್ಯತ್ಯಾಸ ಕಣ್ಣಿಗೆ ಕಾಣದಂತಾಗುತ್ತದೆ. ದಿನಾಂಕವನ್ನು ಸರಿಪಡಿಸಿ, ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುವ ಆ ಬ್ಯಾಟರಿಯನ್ನು ಬದಲಿಸಿದರೆ ಸಾಕು.

ಪ್ರಮಾಣಪತ್ರದ ತೊಂದರೆಗೆ ಇನ್ನೊಂದು ಮುಖವೂ ಇದೆ. 2021ರ ಸೆಪ್ಟೆಂಬರ್ 30ರಂದು, ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಉಚಿತ ಪ್ರಮಾಣಪತ್ರಗಳಿಗೆ ಹಳೆಯ ಯಂತ್ರಗಳಲ್ಲಿ ಆಧಾರವಾಗಿದ್ದ ಒಂದು ಮೂಲ ಪ್ರಮಾಣಪತ್ರದ ಅವಧಿ ಮುಗಿಯಿತು. ಬಹುಕಾಲ ಅಪ್‌ಡೇಟ್ ಕಾಣದ ಯಂತ್ರಗಳಲ್ಲಿ, ವಿಂಡೋಸಿನಂಥ ಕಾರ್ಯಾಚರಣ ವ್ಯವಸ್ಥೆಯಲ್ಲಿರುವ ಮೂಲ ಪ್ರಮಾಣಪತ್ರಗಳ ಪಟ್ಟಿಯನ್ನೇ ನಂಬಿದ್ದ ಬ್ರೌಸರುಗಳಿಗೆ ಅಂಥ ತಾಣಗಳು ತೆರೆಯದಾದವು. ಫೈರ್‌ಫಾಕ್ಸ್ ತನ್ನದೇ ಆದ ಪಟ್ಟಿಯನ್ನು ಜೊತೆಗಿಟ್ಟುಕೊಂಡಿರುವುದರಿಂದ ಅದೇ ಯಂತ್ರಗಳಲ್ಲಿ ಅವನ್ನು ತೆರೆಯಬಲ್ಲದಾಗಿತ್ತು. ಬೇರೆ ಮೂಲದಿಂದ ಬಂದ ಇನ್ನೊಂದು ಬ್ರೌಸರ್ ಕೈಯಲ್ಲಿರಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ದಿನಾಂಕ ಸರಿಯಿದ್ದೂ ಒಂದು ತಾಣ ಮಾತ್ರ ಕೈಕೊಡುತ್ತಿದ್ದರೆ ಅದನ್ನು ಖಾಸಗಿ ಕಿಟಕಿಯಲ್ಲಿ ತೆರೆದು ನೋಡಬೇಕು. ಅಲ್ಲಿ ತೆರೆದರೆ ತಾಣ ನಮ್ಮ ಗುರುತಿಗಾಗಿ ಇಟ್ಟ ಹಳೆಯ ಕುಕಿ, ಪುಟದ ಉಳಿಸಿಟ್ಟ ಪ್ರತಿಯಾದ ಕ್ಯಾಶ್ ಅಥವಾ ಬ್ರೌಸರಿಗೆ ನಾವು ಸೇರಿಸಿಕೊಂಡ ಯಾವುದಾದರೂ ಎಕ್ಸ್‌ಟೆನ್ಶನ್ ಕಾರಣವಾಗಿರುತ್ತದೆ. ಆ ತಾಣದ ಕುಕಿಗಳನ್ನಷ್ಟೇ ಅಳಿಸಿದರೆ ಉಳಿದ ಕಡೆಯ ಲಾಗಿನ್‌ಗಳು ಹಾಗೆಯೇ ಉಳಿಯುತ್ತವೆ. ಮೂಲೆಯಲ್ಲಿ ಪದೇ ಪದೇ ವೈರಸ್ ಬಂದಿದೆ ಎಂಬ ಚೀಟಿ ಏಳುತ್ತಿದ್ದರೆ ಅದು ಬಹುತೇಕ ವೈರಸ್ ಅಲ್ಲ, ಎಂದೋ ಯಾವುದೋ ತಾಣಕ್ಕೆ ಕೊಟ್ಟ ನೋಟಿಫಿಕೇಶನ್ ಅನುಮತಿ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಹಿಂತೆಗೆದುಕೊಳ್ಳಬಹುದು.

ಕೆಲಸದ ನಡುವೆ ತಟ್ಟನೆ ಕರೆಂಟು ಹೋದಾಗ ನಮ್ಮ ಬುಕ್‌ಮಾರ್ಕ್, ಸೆಟ್ಟಿಂಗ್ಸ್ ಎಲ್ಲವನ್ನೂ ಇಟ್ಟುಕೊಂಡಿರುವ ಬ್ರೌಸರಿನ ಪ್ರೊಫೈಲ್ ಕಡತಗಳೇ ಕೆಡುವುದುಂಟು. ಫೈರ್‌ಫಾಕ್ಸಿನಲ್ಲಿ ಇದಕ್ಕೆ ಒಳ್ಳೆಯ ಏರ್ಪಾಡುಗಳಿವೆ. ಟ್ರಬಲ್‌ಶೂಟ್ ಮೋಡ್‌ನಲ್ಲಿ ತೆರೆದರೆ ಎಕ್ಸ್‌ಟೆನ್ಶನ್‌ಗಳೂ ಹಾರ್ಡ್‌ವೇರ್ ಆಕ್ಸಿಲರೇಶನ್ನೂ ತಾತ್ಕಾಲಿಕವಾಗಿ ನಿಲ್ಲುವುದರಿಂದ ದೋಷ ಅವುಗಳದ್ದೇ ಎಂಬುದು ತಿಳಿಯುತ್ತದೆ. ಅದೂ ಸಾಲದಿದ್ದರೆ ರಿಫ್ರೆಶ್ ಆಯ್ಕೆ, ಬುಕ್‌ಮಾರ್ಕ್ ಮತ್ತು ಪಾಸ್‌ವರ್ಡ್‌ಗಳನ್ನು ಉಳಿಸಿಕೊಂಡು ಉಳಿದುದನ್ನು ಹೊಸದಾಗಿ ಕಟ್ಟಿಕೊಡುತ್ತದೆ. ಇವನ್ನು ಬಳಸದೆ ಅನ್‌ಇನ್‌ಸ್ಟಾಲ್ ಮಾಡುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ, ಏಕೆಂದರೆ ಪ್ರೊಫೈಲ್ ಸಾಮಾನ್ಯವಾಗಿ ಡಿಸ್ಕಿನಲ್ಲೇ ಉಳಿದು ಹೊಸ ಪ್ರತಿಗೂ ಅಂಟಿಕೊಳ್ಳುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ತೊಂದರೆ ಉಳಿದರೆ ಬದಲಿಯ ಮಾತು ಬರುತ್ತದೆ, ಮತ್ತು ಇಲ್ಲಿ ಹೆಸರು ಬದಲಾದರೆ ಸಾಲದು, ಪುಟವನ್ನು ಪರದೆಯ ಮೇಲೆ ಮೂಡಿಸುವ ಎಂಜಿನ್ ಬದಲಾಗಬೇಕು. ಕೆಡಿಇ ಎಂಬ ಮುಕ್ತ ತಂತ್ರಾಂಶ (ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿರುವ ತಂತ್ರಾಂಶ) ಬಳಗದ ಎಂಜಿನ್ ಆದ ಕೆಎಚ್‌ಟಿಎಂಎಲ್‌ನಿಂದ ಆಪಲ್ ಸಂಸ್ಥೆಯ ವೆಬ್‌ಕಿಟ್ ಹುಟ್ಟಿತು. ಅದರಿಂದ 2013ರಲ್ಲಿ ಗೂಗಲ್ ಬ್ಲಿಂಕ್ ಎಂಬ ಕವಲನ್ನು ತೆಗೆಯಿತು. ಕ್ರೋಮ್, ಒಪೆರಾ, ವಿವಾಲ್ಡಿ, ಬ್ರೇವ್ ಮತ್ತು 2020ರ ಜನವರಿಯಿಂದ ಮೈಕ್ರೋಸಾಫ್ಟಿನ ಎಡ್ಜ್ ಕೂಡ ಈ ಬ್ಲಿಂಕನ್ನೇ ಬಳಸುತ್ತವೆ. ಆದ್ದರಿಂದ ಕ್ರೋಮಿನಲ್ಲಿ ತೆರೆಯದ ಪುಟವನ್ನು ಎಡ್ಜಿನಲ್ಲಿ ತೆರೆದು ನೋಡುವುದು ಒಂದೇ ಬಾವಿಯ ನೀರನ್ನು ಬೇರೆ ಕೊಡದಲ್ಲಿ ಸೇದಿ ರುಚಿ ನೋಡಿದಂತೆ. ಫೈರ್‌ಫಾಕ್ಸಿನ ಗೆಕ್ಕೋ ಎಂಜಿನ್ ಬೇರೆಯೇ ವಂಶದ್ದು. 1998ರಲ್ಲಿ ನೆಟ್‌ಸ್ಕೇಪ್ ತನ್ನ ಬ್ರೌಸರಿನ ಸೋರ್ಸ್ ಕೋಡನ್ನು ಸಾರ್ವಜನಿಕಗೊಳಿಸಿದಾಗ ಆರಂಭವಾದ ಮೊಜಿಲ್ಲಾ ಯೋಜನೆಯಿಂದ ಬೆಳೆದು, 2004ರ ನವೆಂಬರಿನಲ್ಲಿ ಫೈರ್‌ಫಾಕ್ಸ್ 1.0 ಆಗಿ ಹೊರಬಂದದ್ದು. ಒಂದು ಪುಟ ಎರಡೂ ವಂಶದ ಬ್ರೌಸರುಗಳಲ್ಲಿ ಒಂದೇ ರೀತಿ ಸೋತರೆ ದೋಷವನ್ನು ತಾಣದಲ್ಲಿ ಅಥವಾ ಸಂಪರ್ಕದಲ್ಲಿ ಹುಡುಕಬೇಕು. ಒಂದರಲ್ಲಷ್ಟೇ ಸೋತರೆ ಹುಡುಕಾಟ ಆ ಬ್ರೌಸರಿನೊಳಗೆ ನಡೆಯಬೇಕು.

ಹಾಗಾಗಿ ನನ್ನ ಸಲಹೆ ಇದು: ದಿನದ ಬಳಕೆಗೆ ಫೈರ್‌ಫಾಕ್ಸ್, ಅದರ ಜೊತೆಗೆ ಬ್ಲಿಂಕ್ ವಂಶದ ಒಂದು ಮುಕ್ತ ಬ್ರೌಸರ್. ಲಿನಕ್ಸ್ ಬಳಸುವವರಿಗೆ ಡೆಬಿಯನ್ ಮುಂತಾದ ಲಿನಕ್ಸ್ ವಿತರಣೆಗಳಲ್ಲೇ, ಕ್ರೋಮಿಗೆ ಆಧಾರವಾದ ಮುಕ್ತ ಬ್ರೌಸರ್ ಕ್ರೋಮಿಯಂ ಸಿಗುತ್ತದೆ ಮತ್ತು ಅದರ ಭದ್ರತಾ ಅಪ್‌ಡೇಟುಗಳೂ ಅಲ್ಲಿಂದಲೇ ಬರುತ್ತವೆ. ವಿಂಡೋಸಿನಲ್ಲಿ ಬರಿಯ ಕ್ರೋಮಿಯಂ ತಾನಾಗಿ ಅಪ್‌ಡೇಟ್ ಆಗುವುದಿಲ್ಲವಾದ್ದರಿಂದ ಅಲ್ಲಿ ಬ್ರೇವ್ ಮೇಲು. ಎರಡನೆಯದು ಏಕೆ ಬೇಕೆಂದರೆ, ಕ್ರೋಮನ್ನು ಮಾತ್ರ ಎದುರಿಗಿಟ್ಟುಕೊಂಡು ಕಟ್ಟಿದ ತಾಣಗಳು ಇಂದಿಗೂ ಇವೆ. ಬಾಕಿ ಕೆಲಸವನ್ನು ಮುಗಿಸಲೇಬೇಕಾದಾಗ ತತ್ವ ಹಿಡಿದು ಕೂರಲಾಗದು. ಆದರೆ ಅಂಥ ತಾಣ ಸಿಕ್ಕಿದಾಗ ಫೈರ್‌ಫಾಕ್ಸಿನ ಮೆನುವಿನಲ್ಲೇ ಇರುವ ಆಯ್ಕೆಯಿಂದ ಅದನ್ನು ವರದಿ ಮಾಡುವುದನ್ನು ಬಿಡಬಾರದು.

ಮುಕ್ತ ತಂತ್ರಾಂಶವನ್ನೇ ಆರಿಸಿಕೊಳ್ಳಿ ಎನ್ನುವುದು ನನಗೆ ಕೇವಲ ಉಚಿತವೆಂಬ ಕಾರಣಕ್ಕಲ್ಲ. ಫೈರ್‌ಫಾಕ್ಸಿನ ಮೆನು, ಸಂದೇಶಗಳು ಕನ್ನಡದಲ್ಲಿ ದೊರೆಯುವುದು ಸ್ವಯಂಸೇವಕರು ಕುಳಿತು ಅನುವಾದಿಸಿದ್ದರಿಂದ. ಅರ್ಕಾವತ್ತು, ಒತ್ತಕ್ಷರಗಳು ಪರದೆಯ ಮೇಲೆ ಸರಿಯಾಗಿ ಕೂರುವಂತೆ ಮಾಡುವ ಹಾರ್ಫ್‌ಬಜ್ ಎಂಬ ತಂತ್ರಾಂಶ ಭಾಗವೂ ಮುಕ್ತವೇ, ಅದನ್ನು ಫೈರ್‌ಫಾಕ್ಸ್, ಕ್ರೋಮಿಯಂ ಎರಡೂ ಬಳಸುತ್ತವೆ. ಕನ್ನಡ ಅಕ್ಷರ ಕೆಟ್ಟು ಕಂಡರೆ ಮೊಜಿಲ್ಲಾದ ದೋಷ ದಾಖಲಿಸುವ ತಾಣವಾದ ಬಗ್‌ಜಿಲ್ಲಾದಲ್ಲಿ ಯಾರು ಬೇಕಾದರೂ ದೂರು ದಾಖಲಿಸಬಹುದು, ಅದರ ಮೇಲೆ ನಡೆಯುವ ಚರ್ಚೆಯನ್ನು ಓದಬಹುದು, ತಿದ್ದುವ ಶಕ್ತಿಯಿದ್ದವರು ತಿದ್ದಿಯೂ ಕಳಿಸಬಹುದು. ಹೊಸನಗರದ ಒಬ್ಬ ವಿದ್ಯಾರ್ಥಿನಿಗೂ ಈ ಬಾಗಿಲು ತೆರೆದಿದೆ ಎಂಬುದನ್ನು ನಾನು ದೊಡ್ಡ ಸಂಗತಿಯೆಂದು ಭಾವಿಸುತ್ತೇನೆ.

ಗುಡ್ಡದ ಮರೆಯ ಮನೆಗಳಲ್ಲಿ ಸಿಗ್ನಲ್ ದುರ್ಬಲವಾಗಿರುವಾಗ ಯೂಬ್ಲಾಕ್ ಆರಿಜಿನ್ ಎಂಬ ಮುಕ್ತ ಎಕ್ಸ್‌ಟೆನ್ಶನ್ ಮಾಡುವ ಉಪಕಾರ ಬಹಳ. ಅದು ಜಾಹೀರಾತುಗಳನ್ನೂ ಹಿಂಬಾಲಿಸುವ ಸ್ಕ್ರಿಪ್ಟುಗಳನ್ನೂ ಇಳಿಯುವ ಮೊದಲೇ ತಡೆಯುವುದರಿಂದ ಪುಟ ಬೇಗ ತೆರೆಯುತ್ತದೆ. ಕ್ರೋಮ್ ಎಕ್ಸ್‌ಟೆನ್ಶನ್‌ಗಳ ನಿಯಮವನ್ನು ಮ್ಯಾನಿಫೆಸ್ಟ್ 3 ಎಂಬ ಹೊಸ ರೂಪಕ್ಕೆ ಬದಲಿಸಿದ ಮೇಲೆ ಅಲ್ಲಿ ಅದರ ಸಾಮರ್ಥ್ಯ ಕಡಿಮೆಯಾದ ಲೈಟ್ ರೂಪವಷ್ಟೇ ಉಳಿದಿದೆ; ಫೈರ್‌ಫಾಕ್ಸಿನಲ್ಲಿ, ಅದರ ಆಂಡ್ರಾಯ್ಡ್ ರೂಪದಲ್ಲೂ, ಪೂರ್ಣ ಯೂಬ್ಲಾಕ್ ಆರಿಜಿನ್ ನಡೆಯುತ್ತದೆ.

ಹಳೆಯ ಯಂತ್ರಗಳ ವಿಷಯದಲ್ಲಿ ಹೆಚ್ಚಿನ ಭರವಸೆ ಕೊಡಲಾರೆ. ವಿಂಡೋಸ್ 7ರಲ್ಲಿ ಕ್ರೋಮ್ 109ಕ್ಕೇ ನಿಂತಿತು, ಫೈರ್‌ಫಾಕ್ಸ್ 115ನೆಯ ದೀರ್ಘಾವಧಿ ಆವೃತ್ತಿಯೇ ಅದಕ್ಕೆ ಕೊನೆಯದು. ಅಂಥ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡದಿರುವುದೇ ಲೇಸು. ಲಿನಕ್ಸ್ ಹಾಕಿಸಿ, ಸಾಧ್ಯವಾದರೆ ಹಾರ್ಡ್ ಡಿಸ್ಕಿನ ಬದಲು ಒಂದು ಎಸ್‌ಎಸ್‌ಡಿ ಕೂರಿಸಿದರೆ ಅದಕ್ಕೆ ಇನ್ನಷ್ಟು ವರ್ಷ ದುಡಿಯುವ ಬಲ ಬರುತ್ತದೆ. ಎರಡು ಜಿಬಿ ರ‍್ಯಾಮ್ ಮಾತ್ರ ಇದ್ದರೆ ಯಾವ ಬ್ರೌಸರಿನಿಂದಲೂ ಪವಾಡವಾಗುವುದಿಲ್ಲ.

ಮೊಜಿಲ್ಲಾದ ಬಗ್ಗೆಯೂ ನನಗೆ ಚಿಂತೆಗಳಿವೆ. ಅದರ ಆದಾಯದ ಬಹುಪಾಲು ಗೂಗಲ್ ಹುಡುಕಾಟದ ಒಪ್ಪಂದದಿಂದಲೇ ಬರುತ್ತದೆ. 2025ರ ಫೆಬ್ರವರಿಯಲ್ಲಿ ಪ್ರಕಟಿಸಿದ ಬಳಕೆಯ ನಿಯಮಗಳ ಮಾತುಗಳಿಗೆ ತೀವ್ರ ಆಕ್ಷೇಪ ಬಂದು ಅವನ್ನು ತಿದ್ದಬೇಕಾಯಿತು. ಆದರೆ ಕೋಡ್ ಮುಕ್ತವಾಗಿರುವುದರಿಂದ ಲಿಬ್ರೆವುಲ್ಫ್‌ನಂಥ ಕವಲುಗಳು ಸಾಧ್ಯವಾಗಿವೆ. ಸಂಸ್ಥೆ ದಾರಿ ತಪ್ಪಿದರೂ ಕೆಲಸವನ್ನು ಬೇರೆಯವರು ಮುಂದುವರಿಸಬಹುದೆಂಬ ಧೈರ್ಯ ಮುಚ್ಚಿದ ತಂತ್ರಾಂಶದಲ್ಲಿ ಸಿಗುವುದಿಲ್ಲ.

ಬದಲಿಸಲು ನಿರ್ಧರಿಸಿದವರು ಹಳೆಯದನ್ನು ಕೂಡಲೇ ತೆಗೆಯಬೇಡಿ. ಫೈರ್‌ಫಾಕ್ಸಿನ ಇಂಪೋರ್ಟ್ ಆಯ್ಕೆ ಬುಕ್‌ಮಾರ್ಕ್‌ಗಳನ್ನು ನೇರವಾಗಿ ತಂದುಕೊಡುತ್ತದೆ. ಪಾಸ್‌ವರ್ಡ್‌ಗಳನ್ನು ಸಿಎಸ್‌ವಿ ಕಡತವಾಗಿ ಹೊರತೆಗೆದು ತಂದಿದ್ದರೆ, ಅದರಲ್ಲಿ ಎಲ್ಲವೂ ಬರಿಗಣ್ಣಿಗೆ ಓದುವಂತೆ ಇರುವುದರಿಂದ, ಕೆಲಸ ಮುಗಿದ ಕೂಡಲೇ ಆ ಕಡತವನ್ನು ರಿಸೈಕಲ್ ಬಿನ್‌ನಿಂದಲೂ ಅಳಿಸಿ, ಬ್ರೌಸರಿಗೆ, ಉಳಿಸಿದ ಉಳಿದವನ್ನೆಲ್ಲ ಕಾಯುವ ಒಂದು ಪ್ರೈಮರಿ ಪಾಸ್‌ವರ್ಡ್ ಹಾಕಿಡಿ. ನಾಲ್ಕಾರು ಜನ ಕೈಯಿಡುವ ಸಂಘದ ಕಂಪ್ಯೂಟರಾದರೆ ಇದು ಕಡ್ಡಾಯ.